ಎಂಟನೇ ದಳದ ದನಿ

ಮೊದಲನೇ ಸಿನಿಮಾದಲ್ಲಿ ಎಂಟನೇ ದಳದವರು ಹೇಳದೆ ಕೇಳದೆ ಬಾಗಿಲು ಒದೆಯುತ್ತಿದ್ದರು. ಎರಡನೆಯದರಲ್ಲಿ ಮೊದಲು ಕೂಗಿ ಹೇಳಿ, ಆಮೇಲೆ ಒದೆಯಬೇಕು ಎಂದು ತೀರ್ಮಾನವಾಯಿತು. ನಾನು ಅತ್ತೆಯ ಫೋನಿಗೆ ಕೈ ಹಾಕಿದ್ದು ಅದರಿಂದ.

ತೀರ್ಮಾನ ನಿರ್ಮಾಪಕರದು. ಅವರಿಗೆ ನೆಲದ ಟೈಲ್ಸಿನ ಅಂಗಡಿ. ಅವರ ಜೊತೆ ಬೆಳಗಿನ ವಾಕಿಂಗಿಗೆ ಬರುವ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಮೊದಲ ಸಿನಿಮಾ ನೋಡಿ, "ಏನ್ರೀ ಇದು, ಪೊಲೀಸರೋ ದರೋಡೆಕೋರರೋ? ಒಳಗಿರೋರಿಗೆ ಒಂದು ಮಾತು ಹೇಳೋದು ಬೇಡವಾ? ನಮ್ಮ ಕಾಲದಲ್ಲಿ ಕೂಗಿ ಹೇಳದೆ ಬಾಗಿಲು ಮುಟ್ಟಿದ್ರೆ ಮರುದಿನ ನಮ್ಮನ್ನೇ ನಿಲ್ಲಿಸಿ ಕೇಳೋರು" ಎಂದಿದ್ದರಂತೆ. ನಿರ್ಮಾಪಕರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು.

ನಾನು ಆ ಸಿನಿಮಾಗಳಿಗೆ ಮಾತು ಬರೆಯುತ್ತೇನೆ. ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದೆ, ಸಿಕ್ಕಿದ್ದು ಈ ಕೆಲಸ. ಎಂಟನೇ ದಳ ಅಂದರೆ ಪೊಲೀಸರ ವಿಶೇಷ ಪಡೆ: ಕಪ್ಪು ಬಟ್ಟೆ, ಹೆಲ್ಮೆಟ್ಟು, ಕಣ್ಣು ಬಿಟ್ಟು ಮಿಕ್ಕ ಮುಖವನ್ನೆಲ್ಲ ಮುಚ್ಚುವ ಮುಸುಕು. ನಮ್ಮಂಥ ಕೈ ಬಿಗಿ ಹಿಡಿದ ಸಿನಿಮಾಕ್ಕೆ ಆ ಮುಸುಕು ದೊಡ್ಡ ಉಪಕಾರ. ಗುಂಡು ತಿಂದು ಬಿದ್ದವನೇ ಎದ್ದು ಬಂದು ಇನ್ನೊಬ್ಬನಾಗಿ ಗುಂಡು ಹಾರಿಸಬಹುದು. ತುಟಿ ಕಾಣದ್ದರಿಂದ ಶೂಟಿಂಗ್ ಮುಗಿದ ಮೇಲೆ ಮಾತು ಬರೆದರೂ ನಡೆಯುತ್ತದೆ. "ಮೊದಲು ಓಡಾಡಲಿ. ಯಾಕೆ ಓಡಾಡಿದ್ರು ಅಂತ ಆಮೇಲೆ ನೀವು ಬರೀರಿ" ಅನ್ನುತ್ತಾರೆ ನಿರ್ದೇಶಕರು.

ದಳದ ಕ್ಯಾಪ್ಟನ್ ಪಾತ್ರ ಮಾಡುವವನು ಜಿಮ್ ನಡೆಸುತ್ತಾನೆ. ನಾವು ಅವನನ್ನು ಕರೆಯುವುದೂ ಜಿಮ್ ಎಂದೇ. ಮೈ ಕಡೆದಿಟ್ಟ ಹಾಗಿದೆ, ದನಿ ಮಾತ್ರ ಸೊಳ್ಳೆಯದು. ಹಾಗಾಗಿ ಮೊದಲ ಸಿನಿಮಾದಲ್ಲಿ ಕ್ಯಾಪ್ಟನ್‌ಗೆ ದನಿ ಕೊಟ್ಟವನು ನನ್ನ ಗಂಡ. ಅವನ ಕಸುಬೇ ಅದು, ಬೇರೆಯವರ ಬಾಯಿಗೆ ದನಿ ಕೊಡುವುದು. ಎರಡನೇ ಸಿನಿಮಾ ಶುರುವಾಗುವ ಮುಂಚೆ, ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದು ಸತ್ತ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಯಾರ ತಪ್ಪೂ ಅಲ್ಲ, ಹುಟ್ಟಿನಿಂದಲೇ ಹಾಗೆ ಇದ್ದಿರಬೇಕು ಎಂದರು ಡಾಕ್ಟರು. ಸಮಾಧಾನಕ್ಕೆಂದೇ ಹೇಳಿದ್ದು. ಯಾರ ತಪ್ಪೂ ಅಲ್ಲದ್ದರಿಂದ ಯಾರ ಮೇಲೂ ಸಿಟ್ಟು ಬರಲಿಲ್ಲ. ಅಳು ಕೂಡ ನೆಟ್ಟಗೆ ಬರಲಿಲ್ಲ. ಕೆಲಸಕ್ಕೆ ಹೋದೆ, ಮನೆಗೆ ಬಂದೆ, ತಟ್ಟೆಗೆ ಬಡಿಸಿದ್ದನ್ನು ತಿಂದೆ.

ಮನೆಯಲ್ಲಿ ಈಗ ಅತ್ತೆ ಮತ್ತು ನಾನು. ಅತ್ತೆ ಟೈಲರ್. ದಳದವರು ತೊಡುವ ಗುಂಡು ತಡೆಯುವ ಜಾಕೆಟ್‌ಗಳನ್ನು ಹೊಲಿದದ್ದು ಅವರೇ: ಹೊರಗೆ ಕಪ್ಪು ರೆಕ್ಸಿನ್, ಒಳಗೆ ಹಳೇ ಬಸ್ಸಿನ ಸೀಟಿನಿಂದ ಕಿತ್ತ ಸ್ಪಂಜು. ಎರಡನೆಯದಕ್ಕೆ ಹೊಲಿಯಲು ಒಲ್ಲೆ ಅನ್ನುತ್ತಾರೇನೋ ಎಂದುಕೊಂಡಿದ್ದೆ. "ಹೋದ ಸಲದ ಸ್ಪಂಜು ಬೇಡ, ಬೆವರಿಗೆ ನಾರುತ್ತೆ ಅಂತ ಆ ಜಿಮ್ಮು ಗೋಳಾಡ್ತಿದ್ದ. ಬೇರೆ ತರಿಸೋಕೆ ಹೇಳು" ಎಂದರಷ್ಟೆ.

ಜಾಕೆಟ್ ಹೊಲಿಯಬಹುದು, ಕ್ಯಾಪ್ಟನ್ ದನಿಯನ್ನು ಎಲ್ಲಿಂದ ತರುವುದು? ಉಪಾಯ ಹೊಳೆದದ್ದು ಕಿವಿಗೆ. ಕಿವಿ ಅಂದರೆ ನಮ್ಮ ಸೌಂಡ್ ಎಂಜಿನಿಯರ್. ರೆಕಾರ್ಡಿಂಗ್ ನಡುವೆ ಪಕ್ಕದ ಬೀದಿಯ ಕುಕ್ಕರ್ ಕೂಗಿದರೂ ಹಿಡಿದು ನಿಲ್ಲಿಸುತ್ತಾನೆಂದು ಆ ಹೆಸರು. ಮೊದಲ ಸಿನಿಮಾಕ್ಕೆ ನನ್ನ ಗಂಡ ಹೇಳಿ, ನಾವು ಬಳಸದೆ ಬಿಟ್ಟ ಟೇಕುಗಳೆಲ್ಲ ಅವನ ಹತ್ತಿರ ಹಾಗೇ ಇದ್ದವು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ," ಎಂದ. "ಅಣ್ಣನ ದನಿ ನನ್ನ ಹತ್ರ ರಾಶಿ ಇದೆ. ಅದರಲ್ಲೇ ತುಂಡು ತುಂಡು ಜೋಡಿಸಿದ್ರೆ ಹೇಗೆ?"

ನಿರ್ದೇಶಕರು ನನ್ನ ಮುಖ ನೋಡಿದರು. "ನಿಮಗೆ ಕಷ್ಟ ಆಗೋ ಹಾಗಿದ್ರೆ ಬೇಡಮ್ಮ."

"ಆಗಲ್ಲ ಸಾರ್," ಎಂದೆ. ನಿಜವಾಗಿಯೂ ಆಗಲಿಲ್ಲ.

ಅವತ್ತೇ ಅತ್ತೆಗೂ ಹೇಳಿದೆ. ಅವರು ರೆಕ್ಸಿನ್ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. "ಹಾಕ್ಕೊಳ್ಳಿ, ಅದಕ್ಕೇನಂತೆ. ಅವನ ಕೆಲಸ ಅಲ್ವಾ ಅದು," ಎಂದರು.

ಸ್ಟುಡಿಯೋ ಇರುವುದು ಟೈರ್ ಅಂಗಡಿಯ ಮೇಲೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನಮ್ಮ ಕೆಲಸ ನಿಲ್ಲುತ್ತದೆ. ಕಿಟಕಿಗೆ ಹಲಗೆ ಹೊಡೆದು, ಗೋಡೆಗೆ ಹಳೇ ಹಾಸಿಗೆ ಬಡಿದ ಕೋಣೆ ಅದು. ಅಲ್ಲಿ ಕೂತು ಕಿವಿಯೂ ನಾನೂ ಕ್ಯಾಪ್ಟನ್‌ಗೆ ಮಾತು ಜೋಡಿಸಿದೆವು. ಮಾತು ಬರೆದು ಅದಕ್ಕೆ ದನಿ ಹುಡುಕುವುದು ರೂಢಿ. ಇಲ್ಲಿ ದನಿ ಮೊದಲೇ ಇತ್ತು, ಕಥೆಯನ್ನು ಅದರ ಅಳತೆಗೆ ಕತ್ತರಿಸಬೇಕಿತ್ತು. ಜಿಮ್ ತೆರೆಯ ಮೇಲೆ ಕೈ ಎತ್ತಿದರೆ "ನಿಲ್ಲಿ." ಕೈ ಬೀಸಿದರೆ "ನನ್ನ ಹಿಂದೆ ಬನ್ನಿ." ತಲೆ ಬಗ್ಗಿಸಿದರೆ ಏನು ಹೇಳಿಸುವುದು? ಗುಂಡೇಟು ತಿಂದ ಸಂಗಾತಿಯ ಪಕ್ಕ ಕ್ಯಾಪ್ಟನ್ ಮೊಣಕಾಲೂರಿ ಕೂರುವ ದೃಶ್ಯ ಅದು. ಹುಡುಕಿ ಹುಡುಕಿ ಕಡೆಗೆ ಟೇಕುಗಳ ನಡುವೆ ನನ್ನ ಗಂಡ ಗಂಟಲು ಒಣಗಿ ಕೇಳಿದ್ದ "ನೀರು... ಸ್ವಲ್ಪ ನೀರು ಕೊಡ್ರಪ್ಪಾ" ಎಂಬುದನ್ನು ಹಾಕಿದೆವು.

ನಿರ್ದೇಶಕರು ನೋಡಿ ಕಣ್ಣು ಒರೆಸಿಕೊಂಡರು. "ಎಂಥಾ ಮನುಷ್ಯತ್ವ ನೋಡ್ರೀ ಕ್ಯಾಪ್ಟನ್‌ಗೆ! ಫಸ್ಟ್ ಪಾರ್ಟಲ್ಲಿ ಇದು ಇರ್ಲೇ ಇಲ್ಲ."

ಕಿವಿ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವನ ಹಾಗೆ ಬಗ್ಗಿದ. ಅವನ ಬೆನ್ನು ಕುಲುಕುತ್ತಿತ್ತು. ನನಗೂ ನಗು ಬಂತು. ಬಂದದ್ದು ನನಗೇ ಆಶ್ಚರ್ಯವಾಯಿತು.

ಹೀಗೆ ಕ್ಯಾಪ್ಟನ್‌ನ ಮಾತೆಲ್ಲ ಒದಗಿತು, ಒಂದು ಬಿಟ್ಟು. ಬಾಗಿಲ ದೃಶ್ಯದ್ದು. ನಮ್ಮಲ್ಲಿ ಇದ್ದದ್ದೇ ಒಂದು ಬಾಗಿಲು. ಒಂದು ಮಗ್ಗುಲಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕಂದು, ತಿರುಗಿಸಿ ಹಾಕಿದರೆ ಬೇರೆ ಮನೆ. ಜಿಮ್ ಅದರ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತು, ಕೈ ಎತ್ತಿ ಒಂದು ಗಳಿಗೆ ತಡೆದು, ಆಮೇಲೆ ಒದೆಯುತ್ತಾನೆ. ಆ ತಡೆದ ಗಳಿಗೆಯಲ್ಲಿ "ಬಾಗಿಲು ತೆಗಿ" ಎಂದು ಕೂಗಬೇಕು. ಮೊದಲ ಸಿನಿಮಾದಲ್ಲಿ ಯಾರೂ ಯಾರಿಗೂ ಬಾಗಿಲು ತೆಗಿ ಅಂದಿರಲಿಲ್ಲ. "ಹಿಂಬಾಗಿಲು ನೋಡ್ಕೊಳ್ಳಿ" ಎಂಬುದರಿಂದ 'ಬಾಗಿಲು' ಕತ್ತರಿಸಿದ ಕಿವಿ. 'ತೆಗಿ'ಯನ್ನು ಅಲ್ಲಿಂದ ಇಲ್ಲಿಂದ ಹೊಂದಿಸಿ ತಂದ. ಕೇಳಿದರೆ 'ಬಾಗಿಲು ತೆಕ್ಕೆ' ಅಂದ ಹಾಗಿತ್ತು.

"ದಾಳಿಗೆ ಬಂದಿದಾನೋ ಸರಸಕ್ಕೆ ಬಂದಿದಾನೋ?" ಎಂದರು ನಿರ್ದೇಶಕರು.

"ಒಂದು ಸಾಲಿಗೆ ಯಾಕೆ ಸಾರ್ ಇಷ್ಟು ಒದ್ದಾಟ?" ಎಂದ ಕಿವಿ. "ನಂಗೊಬ್ಬ ಮಿಮಿಕ್ರಿ ಮಾಡೋನು ಗೊತ್ತು. ಕರೆಸ್ತೀನಿ. ಕೂಗು ತಾನೆ, ಅದೂ ಮುಸುಕಿನ ಒಳಗಿಂದ. ಯಾರಿಗೆ ಗೊತ್ತಾಗುತ್ತೆ?"

"ಬೇಡ," ಎಂದೆ. "ಆ ಮಾತು ನನ್ನ ಹತ್ರ ಇದೆ."

ನನ್ನ ಹತ್ತಿರ ಇರಲಿಲ್ಲ. ಅತ್ತೆಯ ಹತ್ತಿರ ಇತ್ತು.

ಅವನು ಬದುಕಿದ್ದಾಗ ಡಬ್ಬಿಂಗ್ ಮುಗಿಸಿ ಮಧ್ಯಾಹ್ನವೇ ಮನೆಗೆ ಹೋಗುತ್ತಿದ್ದ. ನಾನು ಸಂಜೆಯವರೆಗೆ ಸ್ಟುಡಿಯೋದಲ್ಲೇ. ಅತ್ತೆ ಮೆಷಿನ್ ತುಳಿಯುತ್ತ ಕೂತರೆ ಬಾಗಿಲು ಬಡಿದದ್ದೂ ಕೇಳುವುದಿಲ್ಲ, ಬೆಲ್ಲೂ ಕೇಳುವುದಿಲ್ಲ. ಆದರೆ ಅವರ ಫೋನು ಅವರೇ ಹೊಲಿದುಕೊಂಡ ಚೀಲದಲ್ಲಿ ಕೊರಳಿಗೆ ತೂಗುತ್ತಿರುತ್ತದೆ. ನಡುಗಿದರೆ ಎದೆಗೆ ತಿಳಿಯುತ್ತದೆ. ಅದಕ್ಕೇ ಅವನು ಮೆಟ್ಟಿಲ ಮೇಲೆ ಕೂತು ಧ್ವನಿ ಸಂದೇಶ ಕಳಿಸುತ್ತಿದ್ದ. ಬಾಗಿಲು ತೆಗೆದ ಮೇಲೆ ಅತ್ತೆ ಅದನ್ನು ಅಳಿಸಿಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಅದು ಯಾಕೆ ಎಂದು. ಒಂದನ್ನು ಅಳಿಸಲು ಮರೆತಿದ್ದರು. ಅವನು ಹೋದ ಮೇಲೆ ಉಳಿದದ್ದು ಅದೊಂದೇ. ದಿನಾ ಊಟವಾದ ಮೇಲೆ, ಮೆಷಿನ್ನಿಗೆ ಕೂರುವ ಮುಂಚೆ, ಅವನ ಫೋಟೋ ಇದ್ದ ಕಡೆ ಒತ್ತಿ ಕೇಳುತ್ತಿದ್ದರು. ರಜೆಯ ದಿನ ಪಕ್ಕದ ಕೋಣೆಯಿಂದ ನಾನೂ ಕೇಳಿಸಿಕೊಂಡಿದ್ದೆ.

ಅದರಲ್ಲಿ ಅವನು ಕ್ಯಾಪ್ಟನ್ ಆಗಿದ್ದ. "ಅಮ್ಮಾ, ಬಾಗಿಲು ತೆಗಿ. ನಾಲ್ಕೂ ಕಡೆಯಿಂದ ಸುತ್ತುವರಿದಿದ್ದೀವಿ. ಕತ್ತರಿ ಕೆಳಗಿಟ್ಟು, ಕೈ ಮೇಲೆತ್ತಿ ಹೊರಗೆ ಬಾ." ಕೊನೆಗೆ ತಡೆಯಲಾರದೆ ನಗು.

ನನ್ನ ಫೋನಿನಲ್ಲಿ ಅವನ ದನಿ ಇರಲಿಲ್ಲ. ನಾವಿಬ್ಬರೂ ಬೆಳಿಗ್ಗೆಯೆಲ್ಲ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು, ಹೇಳುವುದನ್ನು ಬಾಯಲ್ಲೇ ಹೇಳುತ್ತಿದ್ದೆವು. ಫೋನಿನಲ್ಲಿ ಟೈಪ್ ಮಾಡಿದ್ದಷ್ಟೆ: ಹಾಲು ತಾ. ಬಸ್ಸು ಸಿಗಲಿಲ್ಲ. ಆಯ್ತು.

ಅತ್ತೆಯನ್ನು ಕೇಳಬಹುದಿತ್ತು. ಕೇಳಬೇಕು ಎಂದುಕೊಂಡೇ ಮನೆಗೆ ಹೋದೆ. ಅವರು ಸ್ನಾನಕ್ಕೆ ಹೊರಟಿದ್ದರು. ಫೋನಿನ ಚೀಲ ಮೆಷಿನ್ನಿನ ಚಕ್ರಕ್ಕೆ ನೇತುಬಿದ್ದಿತ್ತು. ಒಳಗೆ ನೀರು ಬೀಳುವ ಸದ್ದು ಶುರುವಾಯಿತು. ಅದೇ ಹೊತ್ತಿಗೆ ನನ್ನ ಕೈ ಚೀಲದಲ್ಲಿತ್ತು. ಅವನ ಸಂದೇಶವನ್ನು ನನ್ನ ನಂಬರಿಗೆ ಕಳಿಸಿದೆ. ಬಂತು. ಆದರೆ ಅತ್ತೆಯ ಫೋನಿನಲ್ಲಿ, ನನ್ನ ಹೆಸರಿನ ಕೆಳಗೆ, ಅವರೇ ನನಗೆ ಕಳಿಸಿದ ಹಾಗೆ ಅದರ ಪ್ರತಿ ಕೂತಿತ್ತು. ಅದು ಅಲ್ಲಿರಬಾರದು. ಒತ್ತಿ ಹಿಡಿದೆ. ಫೋನಿನಿಂದಲೂ ಅಳಿಸಲೇ ಎಂದು ಕೇಳಿತು. ಬಚ್ಚಲಲ್ಲಿ ನೀರು ನಿಂತಿತು. ಹೌದು ಎಂದು ಒತ್ತಿ, ಚೀಲವನ್ನು ಚಕ್ರಕ್ಕೆ ತೂಗುಹಾಕಿ, ಅಡುಗೆಮನೆಗೆ ಹೋಗಿ ಲೋಟ ತೊಳೆದೆ. ತೊಳೆದಿದ್ದ ಲೋಟವನ್ನೇ ತೊಳೆದೆ.

ಅವತ್ತು ರಾತ್ರಿಯೇ ಸ್ಟುಡಿಯೋಗೆ ಮರಳಿದೆ. ಕಿವಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ. "ಮೆಟ್ಟಿಲ ಗೋಡೆಯ ಸದ್ದು ಕೇಳಿ ಅಕ್ಕಾ, ಎಷ್ಟು ಚೆನ್ನಾಗಿ ಮಾರ್ದನಿ ಕೊಡುತ್ತೆ. ಇಂಥದ್ದು ನಾನು ಮಾಡೋಕಾಗಲ್ಲ. ಅಮ್ಮನವರು ಕೊಟ್ರಾ?"

"ಕೊಟ್ರು."

"ಮೊದಲಲ್ಲಿ 'ಅಮ್ಮಾ' ಇದೆ. ತೆಗೀಲಾ?"

"ತೆಗಿ."

"ಕತ್ತರಿ? ನಗು?"

"ಎಲ್ಲಾ ತೆಗಿ."

ತೆರೆಯ ಮೇಲೆ ಜಿಮ್ ಗೋಡೆಗೆ ಬೆನ್ನು ಹಚ್ಚಿ ಕೈ ಎತ್ತಿದ. "ಬಾಗಿಲು ತೆಗಿ. ನಾಲ್ಕೂ ಕಡೆಯಿಂದ ಸುತ್ತುವರಿದಿದ್ದೀವಿ. ಕೈ ಮೇಲೆತ್ತಿ ಹೊರಗೆ ಬಾ." ಒದೆ. ಬಾಗಿಲು ಮುರಿದು ಒಳಗೆ ಬಿತ್ತು. ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಸಿನಿಮಾದ ಜೀವ ಇದೇ ಎಂದರು. ಆ ಸಾಲನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು.

ಮಾರನೇ ದಿನ ನನಗೆ ರಜೆ. ಊಟವಾಯಿತು. ಅತ್ತೆ ಚೀಲದಿಂದ ಫೋನ್ ತೆಗೆದು, ಕನ್ನಡಕ ಹಾಕಿಕೊಂಡು ಒತ್ತಿದರು. ಮತ್ತೆ ಒತ್ತಿದರು. ಫೋನನ್ನು ಕಿವಿಗೆ ಹಿಡಿದರು, ದೂರ ಹಿಡಿದರು.

"ಇವನು ಮಾತಾಡ್ತಿಲ್ಲ ಕಣೇ," ಎಂದರು.

ನಾನು ಹೋಗಿ ನೋಡಿದೆ. ಅವನ ಫೋಟೋ ಇತ್ತು. ಸಂದೇಶದ ಗುಳ್ಳೆಯೂ ಅದರ ಜಾಗದಲ್ಲೇ ಇತ್ತು. ಒತ್ತಿದರೆ, ಈ ಫೈಲ್ ಸಿಗುತ್ತಿಲ್ಲ ಎಂದು ಬರುತ್ತಿತ್ತು. ನಾನು ಅಳಿಸಿದ್ದು ನನ್ನ ಹೆಸರಿನ ಕೆಳಗಿದ್ದ ಪ್ರತಿಯನ್ನು. ಆದರೆ ಎರಡು ಗುಳ್ಳೆಗೂ ಫೋನಿನೊಳಗಿನ ದನಿ ಒಂದೇ ಎಂಬುದು ನನಗೆ ಗೊತ್ತಿರಲಿಲ್ಲ.

"ಏನಾಯ್ತು?"

"ಗೊತ್ತಾಗ್ತಿಲ್ಲ ಅತ್ತೆ."

"ನೆನ್ನೆ ಮೆಷಿನ್ನಿಗೆ ಎಣ್ಣೆ ಬಿಟ್ಟು ಆ ಕೈಯಲ್ಲೇ ಮುಟ್ಟಿದ್ದೆ. ಜಾರಿ ಏನೋ ಒತ್ತಿಬಿಟ್ನೇನೋ." ಬೆರಳನ್ನು ಸೆರಗಿಗೆ ಒರೆಸಿ ಇನ್ನೊಮ್ಮೆ ಒತ್ತಿದರು. "ನಾನೇ ಏನೋ ಮಾಡಿಬಿಟ್ಟೆ."

ಆಗ ಹೇಳಿದ್ದರೆ ಆಗುತ್ತಿತ್ತು. ನಾನು, "ಬಿಡಿ ಅತ್ತೆ, ಸರಿ ಮಾಡಿಸೋಣ" ಎಂದೆ.

ಬೀದಿಯ ಮೂಲೆಯ ಮೊಬೈಲ್ ಅಂಗಡಿಗೆ ಇಬ್ಬರೂ ಹೋದೆವು. ರಿಪೇರಿಯವನು ಅದನ್ನು ತಿರುವಿ ಮುರುವಿ ನೋಡಿ, "ಫೈಲೇ ಡಿಲೀಟ್ ಆಗಿದೆ ಅಮ್ಮಾ. ಬರಲ್ಲ" ಎಂದ.

"ತಾನಾಗೇ ಹೋಗುತ್ತಾ ಅದು?"

"ತಾನಾಗೇ ಹೇಗೆ ಹೋಗುತ್ತೆ? ನೀವೇ ಒತ್ತಿರ್ತೀರಿ. ವಯಸ್ಸಾದೋರು ಏನೋ ಕೇಳುತ್ತೆ ಅಂತ ಓದದೇ ಹೂಂ ಒತ್ತಿಬಿಡ್ತಾರೆ. ನಮ್ಮಮ್ಮನೂ ಹಂಗೇ."

ಅತ್ತೆ ತಲೆಯಾಡಿಸಿದರು. ಬೈಸಿಕೊಂಡ ಮಗುವಿನ ಹಾಗೆ ಆಡಿಸಿದರು. ನನ್ನ ಹೆಗಲ ಚೀಲದಲ್ಲಿ ನನ್ನ ಫೋನಿತ್ತು, ಅದರಲ್ಲಿ ಅವನು ಪೂರ್ತಿ ಇದ್ದ. 'ಅಮ್ಮಾ'ದಿಂದ ನಗುವಿನವರೆಗೆ.

ಕಳಿಸಿಬಿಡಬಹುದಿತ್ತು. ಆದರೆ ನಾನು ಕಳಿಸಿದರೆ ಅದು ನನ್ನ ಹೆಸರಿನ ಕೆಳಗೆ ಬರುತ್ತದೆ. ಅವನ ಫೋಟೋ ಇದ್ದ ಕಡೆ ಇನ್ನು ಯಾರು ಏನು ಕಳಿಸಿದರೂ ಬರುವುದಿಲ್ಲ. ಸುಳ್ಳು ಹೇಳುವ ದಾರಿ ಹುಡುಕಿದೆ. ಕಿವಿ ಸರಿಮಾಡಿಕೊಟ್ಟ ಅನ್ನಲೇ? ಕಂಪ್ಯೂಟರಿನಲ್ಲಿ ಸಿಕ್ಕಿತು ಅನ್ನಲೇ? ಸಿನಿಮಾಕ್ಕೆ ಮಾತು ಬರೆಯುವವಳು ನಾನು, ಬೇರೆಯವರ ಬಾಯಿಗೆ ಎಂಥೆಂಥ ಸುಳ್ಳು ತುರುಕಿದ್ದೇನೆ. ನನ್ನ ಬಾಯಿಗೆ ಒಂದೂ ಒಗ್ಗಲಿಲ್ಲ. ಇವತ್ತು, ನಾಳೆ ಎಂದು ದಿನ ತಳ್ಳಿದೆ.

ಅತ್ತೆ ಈಗ ಫೋನ್ ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯತೊಡಗಿದರು. ಟವೆಲ್ಲಿನಲ್ಲಿ ಬೆರಳಿನ ಸಂದುಗಳನ್ನೂ ಒರೆಸಿಕೊಂಡು, ಆಮೇಲೆ ಒತ್ತಿ ನೋಡುತ್ತಿದ್ದರು, ಇವತ್ತಾದರೂ ಬರುತ್ತದೇನೋ ಎಂದು. ನಾನು ಅದನ್ನು ನೋಡುತ್ತಿದ್ದೆ. ನನಗೆ ತಿಂದದ್ದು ಇಳಿಯುತ್ತಿರಲಿಲ್ಲ, ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಅವನು ಹೋದಾಗ ಹೀಗೆಲ್ಲ ಆಗಿರಲಿಲ್ಲ. ಆಗ ಆಗದ್ದಕ್ಕೂ ನಾಚಿಕೆಯಾಯಿತು.

ಉಳಿದ ಕೆಲವು ಶಾಟ್‌ಗಳಿಗೆ ಇನ್ನೆರಡು ಜಾಕೆಟ್ ಬೇಕು ಎಂದು ನಿರ್ದೇಶಕರು ಹೇಳಿ ಕಳಿಸಿದ್ದರು. ನಾನೇ ಒಯ್ಯುತ್ತೇನೆ ಎಂದಿದ್ದೆ. ಆದರೆ ಅತ್ತೆ ಅವತ್ತು ಮಧ್ಯಾಹ್ನ ಆಟೋದಲ್ಲಿ ಗಂಟು ಹಾಕಿಕೊಂಡು ಸ್ಟುಡಿಯೋಗೆ ಅವರೇ ಬಂದರು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಆರಿರಲಿಲ್ಲ.

ಕಿವಿ ಎದ್ದು ಕುರ್ಚಿ ಕೊಟ್ಟ. "ಬನ್ನಿ ಅಮ್ಮಾ. ಹೇಳಿ ಕಳಿಸಿದ್ರೆ ನಾನೇ ಬರ್ತಿರ್ಲಿಲ್ವಾ?"

"ನಿನ್ನ ಹತ್ರ ಒಂದು ಕೆಲಸ ಇತ್ತಪ್ಪ, ಅದಕ್ಕೇ ಬಂದೆ," ಎಂದರು ಅತ್ತೆ. "ನಮ್ಮ ಹುಡುಗನ ದನಿ ಇಲ್ಲಿ ಬೇಕಾದಷ್ಟು ಇದೆಯಂತಲ್ಲ. ಅದರಲ್ಲಿ ಎಲ್ಲಾದ್ರೂ 'ಅಮ್ಮಾ' ಅಂದಿದ್ದು ಇದ್ರೆ ಹುಡುಕಿ ಕೊಡ್ತೀಯಾ? ಜಾಸ್ತಿ ಏನೂ ಬೇಡ. ಅಷ್ಟಿದ್ರೆ ಸಾಕು. ನನ್ನ ಫೋನಲ್ಲಿ ಒಂದಿತ್ತು, ನಾನೇ ಕೈಯಾರೆ ಕಳ್ಕೊಂಡೆ."

ಕಿವಿ ನನ್ನ ಕಡೆ ತಿರುಗಿದ. "ಅದೇ... ನೀವು ಕೊಟ್ಟಿದ್ದು..." ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ.

"ನೀವು ಕಳ್ಕೊಳ್ಳಲಿಲ್ಲ ಅತ್ತೆ," ಎಂದೆ. "ನೀವು ಸ್ನಾನಕ್ಕೆ ಹೋಗಿದ್ದಾಗ ನಾನು ತಗೊಂಡೆ. ಸಿನಿಮಾಕ್ಕೆ ಬೇಕಿತ್ತು. ಗೊತ್ತಾಗದ ಹಾಗೆ ಮಾಡೋಕೆ ಹೋಗಿ ಅಳಿಸಿದ್ದು ನಾನು."

ಕೆಳಗೆ ಗಾಳಿಯ ಯಂತ್ರ ಶುರುವಾಯಿತು. ಅದು ನಿಲ್ಲುವವರೆಗೆ ಕಾದೆವು. ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ.

"ಸಿನಿಮಾದಲ್ಲಿ ಎಲ್ಲಿ ಹಾಕಿದ್ದೀರಿ? ತೋರಿಸಿ," ಎಂದರು.

ಕಿವಿ ತೋರಿಸಿದ. ಅವರು ಹೊಲಿದ ಜಾಕೆಟ್ ತೊಟ್ಟ ಜಿಮ್, ಎತ್ತಿದ ಕೈ, ಮಗನ ದನಿ, ಒದೆ, ಮುರಿದ ಬಾಗಿಲು.

"'ಅಮ್ಮಾ' ಎಲ್ಲಿ ಹೋಯ್ತು?"

"ಅದನ್ನ ತೆಗೆದ್ವಿ ಅಮ್ಮಾ. ಸೀನಿಗೆ ಹೊಂದಲ್ಲ ಅಂತ."

"ನಗು?"

"ಅದನ್ನೂ ತೆಗೆದ್ವಿ."

"ತೆಗಿ," ಎಂದರು ಅತ್ತೆ. "ಇದನ್ನ ತೆಗಿ."

ಬಾಗಿಲನ್ನೂ ತೆಗೆಯುತ್ತೇವೆ, ಕಲೆಯನ್ನೂ ತೆಗೆಯುತ್ತೇವೆ. ಆ ಒಂದು ಮಾತಿಗೆ ಎಷ್ಟು ಮುಖ ಎಂದು ಓದುವಾಗ ಪರೀಕ್ಷೆಗೆ ಬರೆದಿದ್ದೆ. ಕಿವಿಗೆ ಕೇಳಿಸಿದ್ದು ಒಂದು ಮುಖ. ಅವನು ಹೆದರಿ ಮೂಲ ಫೈಲನ್ನು ತೆರೆದ. ದೊಡ್ಡ ಸ್ಪೀಕರಿನಲ್ಲಿ, ಹಾಸಿಗೆ ಬಡಿದ ಆ ಕೋಣೆಯ ತುಂಬ, ನಮ್ಮ ಮನೆಯ ಮೆಟ್ಟಿಲು ಬಂತು.

"ಅಮ್ಮಾ, ಬಾಗಿಲು ತೆಗಿ. ನಾಲ್ಕೂ ಕಡೆಯಿಂದ ಸುತ್ತುವರಿದಿದ್ದೀವಿ. ಕತ್ತರಿ ಕೆಳಗಿಟ್ಟು, ಕೈ ಮೇಲೆತ್ತಿ ಹೊರಗೆ ಬಾ."

ಆಮೇಲೆ ನಗು. ಫೋನಿನಲ್ಲಿ ಕೇಳಿಸದ ಒಂದು ಇಲ್ಲಿ ಕೇಳಿಸಿತು. ನಗುವಿನ ಹಿಂದೆ, ದೂರದಲ್ಲಿ, ಮೆಷಿನ್ ಓಡುವ ಸದ್ದು.

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು. ಪೂರ್ತಿ ಮುಗಿಯಲು ಬಿಟ್ಟರು. "ಅದಲ್ಲಪ್ಪ ನಾನು ಹೇಳಿದ್ದು," ಎಂದರು ಮೆಲ್ಲಗೆ. "ಸಿನಿಮಾದಿಂದ ತೆಗೆದು ಹಾಕು ಅಂದೆ."

ಮೂಲೆಯಲ್ಲಿ ಕೂತಿದ್ದ ನಿರ್ದೇಶಕರು ಎದ್ದು ಕೈ ಮುಗಿದರು. "ಅಮ್ಮಾ, ದಯವಿಟ್ಟು. ಇಡೀ ಸಿನಿಮಾದ ಜೀವ ಅದು. ನಿಮ್ಮ ಮಗನಿಗೂ ಒಂದು ಗೌರವ..."

"ಅವನ ದನಿ ಹಾಕ್ಕೊಳ್ಳಿ ಅಂದಿದ್ದೆನಲ್ಲ ಸ್ವಾಮಿ. ಹಾಕ್ಕೊಂಡಿದ್ದೀರಿ. ಅದು ಅವನು ನಿಮಗೆ ಕೊಟ್ಟಿದ್ದು. ಇದು ನನಗೆ ಕೊಟ್ಟಿದ್ದು." ಮುರಿದು ಬಿದ್ದ ಬಾಗಿಲು ತೆರೆಯ ಮೇಲೆ ಹಾಗೇ ನಿಂತಿತ್ತು. ಅದನ್ನು ತೋರಿಸಿದರು. "ಅವನು ಒದೆಯೋನಲ್ಲ. ನಾನು ಏಳೋವರೆಗೂ ಮೆಟ್ಟಿಲ ಮೇಲೆ ಕೂತಿರ್ತಿದ್ದ."

ನಿರ್ದೇಶಕರು ಮುಗಿದ ಕೈ ಇಳಿಸಿದರು. ಅತ್ತೆ ಗಂಟು ಬಿಚ್ಚಿ, ಜಾಕೆಟ್‌ಗಳನ್ನು ಕುರ್ಚಿಯ ಮೇಲೆ ಇಟ್ಟರು. "ಎಡಗಡೆ ಪಟ್ಟಿ ಸ್ವಲ್ಪ ಬಿಗಿ ಇದೆ. ಆ ಜಿಮ್ಮಿಗೆ ಉಸಿರು ಬಿಟ್ಟು ಹಾಕ್ಕೊಳ್ಳೋಕೆ ಹೇಳಿ," ಎಂದು ಮೆಟ್ಟಿಲಿಳಿದರು. ನಾನು ಹಿಂದೆ ಹೋದೆ.

ಆಟೋದಲ್ಲಿ ಅವರು ಒಂದು ಮೂಲೆಗೆ, ನಾನು ಒಂದು ಮೂಲೆಗೆ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದರು.

"ಆ ಒಂದು ಸಾಲು ಹೇಳೋಕೆ ಬೇರೆ ಯಾರೂ ಸಿಗ್ತಿರ್ಲಿಲ್ವಾ?"

"ಸಿಗ್ತಿದ್ರು. ಮಿಮಿಕ್ರಿಯವನೊಬ್ಬ ಇದ್ದ."

"ಮತ್ತೆ?"

ನಾನು ಆಟೋದವನ ಬೆನ್ನು ನೋಡುತ್ತಿದ್ದೆ.

"ಸಿನಿಮಾಕ್ಕೆ ಅಂತ ನೀನು ತಗೊಂಡಿದ್ದಲ್ಲ," ಎಂದರು.

"ಅಲ್ಲ."

"ನಿನಗೆ ಬೇಕಿತ್ತು."

"ಹೂಂ."

"ಕೇಳಬಹುದಿತ್ತಲ್ಲ."

"ಕೇಳಿದ್ರೆ ಕೊಡ್ತಿದ್ರಾ?"

ಅವರು ಯೋಚಿಸಿದರು. "ಇಲ್ಲ. ಕೊಡ್ತಿರ್ಲಿಲ್ಲ." ಸಿಗ್ನಲ್ ಬಿಟ್ಟು ಆಟೋ ಹೊರಟಿತು. "ಅದನ್ನ ತಗೊಂಡಿದ್ದಕ್ಕೆ ನಾನೇನೂ ಹೇಳಲ್ಲ. ಆದ್ರೆ ಇಷ್ಟು ದಿನ ನಾನು ಕೈ ತೊಳ್ಕೊಂಡು ತೊಳ್ಕೊಂಡು ಆ ಫೋನ್ ಮುಟ್ಟಿದ್ನಲ್ಲ, ನೀನು ಎದುರಿಗೇ ಕೂತು ನೋಡಿದೆ. ಹೇಗೆ ನೋಡಿದ್ಯೇ?"

ಮನೆ ಬಂದಾಗ ಚಿಲ್ಲರೆ ಎಣಿಸಿ ಆಟೋದವನಿಗೆ ಕೊಟ್ಟೆ.

ಮಿಮಿಕ್ರಿಯವನು ಬಂದು ಆ ಸಾಲನ್ನು ಹೇಳಿ, ಚಹಾ ಕುಡಿದು ಹೋದ. ಸಿನಿಮಾ ಬಿಡುಗಡೆಯಾಯಿತು. ಬಾಗಿಲ ದೃಶ್ಯಕ್ಕೆ ಜನ ಶಿಳ್ಳೆ ಹಾಕಿದರು. ಅಲ್ಲಿ ಒಂದು ಸಾಲು ಬೇರೆಯವನದ್ದು ಎಂದು ಒಬ್ಬರಿಗೂ ತಿಳಿಯಲಿಲ್ಲ. ನಿವೃತ್ತ ಅಧಿಕಾರಿಗಳು, ಈಗ ಸರಿಹೋಯಿತು, ಹೀಗೇ ಕೂಗಬೇಕು ಎಂದರಂತೆ. ನಿರ್ಮಾಪಕರು ಖುಷಿಯಿಂದ ಹೇಳಿದರು. ನಾನು ಕದ್ದದ್ದು ಯಾರಿಗೂ ಬೇಕಾಗಿಯೇ ಇರಲಿಲ್ಲ.

ಅತ್ತೆ ಸುಮಾರು ದಿನ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು. ಉಪ್ಪು ಮುಗಿದಿದೆ. ನಲ್ಲಿ ಸೋರ್ತಿದೆ. ಒಂದು ದಿನ ಧೈರ್ಯ ಮಾಡಿ, "ನಿಮ್ಮ ಫೋನಿಗೆ ಕಳಿಸ್ಲಾ ಅತ್ತೆ?" ಎಂದೆ.

"ಬೇಡ. ನಿನ್ನ ಹೆಸರಲ್ಲಿ ಬರುತ್ತಲ್ಲ. ಅದು ಬೇಡ ನನಗೆ."

"ಹಾಗಾದ್ರೆ ನನ್ನ ಫೋನಿಂದಲೂ ತೆಗೆದುಬಿಡ್ತೀನಿ. ನನ್ನ ಹತ್ರ ಇರೋದು ಸರಿಯಲ್ಲ."

"ಮುಟ್ಟಬೇಡ!" ಅಷ್ಟು ಜೋರಾಗಿ ಅವರು ಎಂದೂ ಕೂಗಿರಲಿಲ್ಲ. ಆಮೇಲೆ ಕೈ ಚಾಚಿದರು. ನಾನು ಫೋನ್ ತೆರೆದು, ಅದನ್ನು ಹುಡುಕಿ ಕೊಟ್ಟೆ. ಅವರು ಮೆಷಿನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತೇನೆ. ಊಟವಾದ ಮೇಲೆ ಅತ್ತೆ ಮಾತಿಲ್ಲದೆ ಕೈ ಚಾಚುತ್ತಾರೆ, ನಾನು ಕೊಡುತ್ತೇನೆ. ಮರಳಿ ತಂದು ಮೇಜಿನ ಮೇಲೆ ಇಡುತ್ತಾರೆ, ನನ್ನ ಕೈಗೆ ಕೊಡುವುದಿಲ್ಲ. ನನ್ನ ಫೋನಿನಲ್ಲಿ ಇನ್ನೇನಿದೆ ಎಂದು ಅವರು ಎಂದೂ ನೋಡಿಲ್ಲ. ನೋಡಿದ್ದರೆ ನನಗೆ ಹಗುರಾಗುತ್ತಿತ್ತು.

"ಇಲ್ಲೇ ಡಬ್ಬಿ ತಂದು ತಿನ್ನಬಾರದಾ ಅಕ್ಕಾ? ಈ ಬಿಸಿಲಲ್ಲಿ ದಿನಾ ಹೋಗಿ ಬರ್ತೀರಿ," ಎಂದ ಕಿವಿ. ಬಿಸಿ ಊಟ ರೂಢಿ ಎಂದೆ.

ನಾನು ಮಾತ್ರ ಅದನ್ನು ಕೇಳಿಲ್ಲ. ಅಷ್ಟು ಆಸೆಪಟ್ಟು ಕದ್ದದ್ದನ್ನು ನನ್ನಷ್ಟಕ್ಕೆ ನಾನು ಒಂದು ಸಲವೂ ಹಾಕಿಕೊಂಡು ಕೇಳಿಲ್ಲ. ಹೆಬ್ಬೆರಳು ಅದರ ಮೇಲೆ ಹೋಗುತ್ತದೆ, 'ಅಮ್ಮಾ' ಎಂದು ಶುರುವಾಗುತ್ತದಲ್ಲ ಎಂದು ನೆನಪಾಗುತ್ತದೆ, ಬಿಡುತ್ತೇನೆ.

ಮೊನ್ನೆ ಊಟವಾದ ಮೇಲೆ ಅತ್ತೆ ಕೈ ಚಾಚಲಿಲ್ಲ. ನಾನು ಫೋನ್ ಹಿಡಿದು ನಿಂತೇ ಇದ್ದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು.

"ಇವತ್ತು ನನಗೆ ಹೊಲಿಗೆ ತುಂಬ ಇದೆ," ಎಂದರು ತಲೆ ಎತ್ತದೆ. "ನೀನೇ ಕೇಳ್ಕೋ."

ಪೆಡಲ್ ಮೇಲೆ ಕಾಲಿಟ್ಟರು, ಮೆಷಿನ್ ಓಡಿತು. ನಾನು ಪಕ್ಕದ ಕೋಣೆಗೆ ಹೋಗಿ ಮಂಚದ ಮೇಲೆ ಕೂತೆ. ಹೆಬ್ಬೆರಳಿಟ್ಟೆ. ಅತ್ತೆ ತಾವಾಗಿ ಕೊಟ್ಟ ಮೇಲೂ ಕೇಳಲಾಗಲಿಲ್ಲ. ಎದ್ದು ಬಂದು, ಫೋನನ್ನು ಅವರ ಪಕ್ಕ, ಬಟ್ಟೆಯ ಚೂರುಗಳ ನಡುವೆ ಇಟ್ಟೆ. ಅವರು ನೋಡಿದರು, ಬೇಡ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಫೋನಿಲ್ಲದೆ, ಕೆಲಸಕ್ಕೆ ಹೋದೆ.